ಪೋರ್ಚುಗೀಸರ ಭರಣಿಗೆ ಗಿರಾಕಿ ಹುಡುಕಿದ್ದು

ಸಾಧಾರಣ ಜನರಿಗೆ ಸಾಧಾರಣ ಸಂಗತಿಗಳೇ ಆಗುತ್ತವೆ. ನನಗೆ ಹಾಗಲ್ಲ. ನಾನು ಸುಮ್ಮನೆ ಜಗಲಿಯಲ್ಲಿ ಕೂತರೂ ಎಂತಾದರೊಂದು ನಡೆದೇ ಹೋಗುತ್ತದೆ. ಈ ವರ್ಷ ಆದದ್ದು ಗಾಜಿನ ಭರಣಿಯ ಕಥೆ.

ಹಂಪನಕಟ್ಟೆಯಲ್ಲಿ ನನ್ನದೊಂದು ಮಿಠಾಯಿ ಅಂಗಡಿ ಇತ್ತು. ನನ್ನ ಪೆಪ್ಪರ್‌ಮಿಂಟಿನ ಪರಿಮಳಕ್ಕೆ ಸಿಟಿ ಬಸ್ಸುಗಳು ಸ್ಟಾಪ್ ಇಲ್ಲದಲ್ಲಿಯೂ ನಿಲ್ಲುತ್ತಿದ್ದವು. ಅಂಗಡಿ ಮುಚ್ಚಿದಾಗ ಹನ್ನೊಂದು ಗಾಜಿನ ಭರಣಿಗಳನ್ನು ಬೋಳಾರದ ಮನೆಗೆ ತಂದೆ. ಹತ್ತು ಸಣ್ಣವು ಒಂದೊಂದಾಗಿ ಅಡಿಗೆಮನೆ ಸೇರಿ ಹೆಂಡತಿಯ ಸಾಸಿವೆ, ಮೆಂತೆ ತುಂಬಿಕೊಂಡವು. ಉಳಿದದ್ದು ದೊಡ್ಡದೊಂದು. ಎಷ್ಟು ದೊಡ್ಡದೆಂದರೆ, ಒಮ್ಮೆ ಬೆಕ್ಕು ಅದರೊಳಗೆ ಮರಿ ಹಾಕಿ, ಮೂರು ದಿನ ಸಂಸಾರ ಮಾಡಿ ಹೊರಗೆ ಬಂದಿತ್ತು.

ಹೆಂಡತಿಯ ಕಣ್ಣು ಅದರ ಮೇಲೆಯೂ ಬಿತ್ತು. "ಮಾವಿನ ಮಿಡಿ ಉಪ್ಪಿನಕಾಯಿಗೆ ಅದು ಬೇಕು."

"ಇದಕ್ಕೆ ಉಪ್ಪುನೀರು ತಾಗಲಿಕ್ಕೆ ಬಿಡುವುದಿಲ್ಲ. ಇದು ಆ್ಯಂಟಿಕ್. ಆನ್‌ಲೈನಿನಲ್ಲಿ ಮಾರ್ತೇನೆ ನೋಡು."

"ಮಿಡಿ ನಮ್ಮ ಮನೆಗೆ ಬರುವ ಮೊದಲು ಮಾರಿದ್ರೆ ಸರಿ. ಇಲ್ಲದಿದ್ರೆ ಭರಣಿ ನನ್ನದು."

ನಾನು ಒಪ್ಪಿದೆ. ಸಂಜೆ ಚಾ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಯೂ ಆಯ್ತು. ಇನ್ನು ಮಾರದಿದ್ದರೆ ಆ ಹೋಟೆಲಿನ ಬೆಂಚಿನಲ್ಲಿ ಹೇಗೆ ಕೂರುವುದು?

ನಾನು ಶಾಲೆಗೆ ಹೋದವನಲ್ಲ. ಕನ್ನಡವನ್ನು ಬೆರಳಿಟ್ಟು ಓದುತ್ತೇನೆ. ಇಂಗ್ಲಿಷ್ ನನಗೆ ಇರುವೆ ಸಾಲು. ಹಾಗಾಗಿ ಫೋನಿನ ಕೆಲಸ ಸೊಸೆಯದ್ದು, ತಲೆ ನನ್ನದು.

೧. ವಿದೇಶದ ಸೈಟು

ಮೊದಲು ವಿದೇಶದವರು ಹಳೇ ಸಾಮಾನು ಕೊಳ್ಳುವ ಒಂದು ಸೈಟು.

"ಮಾವ, ಎಷ್ಟು ಹಳೆಯದು ಅಂತ ಕೇಳ್ತಾ ಉಂಟು."

"ಪೋರ್ಚುಗೀಸರ ಕಾಲದ್ದು ಅಂತ ಹಾಕು. ಅವರು ಹಡಗಿನಿಂದ ಇಳಿದವರೇ ನನ್ನ ಅಜ್ಜನ ಅಜ್ಜನ ಕೈಗೆ ಕೊಟ್ಟದ್ದು. ಬದಲಿಗೆ ಅಜ್ಜ ಎರಡು ಬಂಗುಡೆ ಮೀನು ಕೊಟ್ಟಿದ್ರು."

"ಗುರುತು ಎಂತಾದ್ರೂ ಉಂಟಾ?"

"ಅಡಿಯಲ್ಲಿ ಆರು ಅಂಕೆ ಉಂಟು. ಅವರ ರಾಜನ ಖಜಾನೆಯ ನಂಬರ್."

ಸೊಸೆ ಭರಣಿಯ ಅಡಿಯ ಫೋಟೋವನ್ನೂ ಹಾಕಿದಳು. ಮೂರನೇ ದಿನ ಪರದೇಶದ ಒಬ್ಬ ಸಾಹೇಬನ ಉತ್ತರ ಬಂತು. ಸೊಸೆ ಓದಿ ಹೇಳಿದಳು: "ಭರಣಿ ಚಂದ ಉಂಟಂತೆ ಮಾವ. ಆದ್ರೆ ಅಡಿಯಲ್ಲಿ ಇರುವುದು ನಮ್ಮ ದೇಶದ್ದೇ ಒಂದು ಬಿಸ್ಕಿಟ್ ಕಂಪೆನಿಯ ವಿಳಾಸ. ಆ ಆರು ಅಂಕೆ ಪಿನ್‌ಕೋಡ್ ಅಂತೆ."

ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ನಾನು ಹೆದರುವವನಾ? "ಬರಿ ಅವನಿಗೆ," ಅಂದೆ. "ಮನೆಯಿಂದ ಕಾಗದ ಬಂದ್ರೆ ಸರಿಯಾಗಿ ಮುಟ್ಟಲಿ ಅಂತ ಪೋರ್ಚುಗೀಸರು ಪಿನ್‌ಕೋಡ್ ಹಿಡ್ಕೊಂಡೇ ಹಡಗು ಹತ್ತಿದ್ದು!"

೨. ಊರಿನ ಆ್ಯಪ್

ಪರದೇಶದವರಿಗೆ ಹಳೇ ಸಾಮಾನಿನ ಬೆಲೆ ಗೊತ್ತಿಲ್ಲ ಅಂತ ಊರಿನವರು ಕೊಟ್ಟು ತೆಗೊಳ್ಳುವ ಆ್ಯಪಿಗೆ ಬಂದೆವು. ಅಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಲಾಸ್ಟ್ ಎಷ್ಟು?" ಫಸ್ಟ್ ಎಷ್ಟು ಅಂತ ಕೇಳಿದವರೇ ಇಲ್ಲ. ಒಬ್ಬನಂತೂ ಭರಣಿ ಕೊಟ್ಟರೆ ಬದಲಿಗೆ ಮನೆಯೊಳಗೇ ನಡೆಯುವ ಯಂತ್ರ ಕೊಡ್ತೇನೆ ಅಂದ. ನಡೆಯಲಿಕ್ಕೆ ಯಂತ್ರ ಎಂತಕ್ಕೆ ಮಾರಾಯ? ನಾನು ಬೆಳಗ್ಗೆ ಉಡುಪಿಗೆ ನಡೆದು ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವ.

ಕಡೆಗೆ ವಾಮಂಜೂರಿನಿಂದ ಎರಡು ಬಸ್ಸು ಹತ್ತಿ ಒಬ್ಬರು ಬಂದರು. ಭರಣಿಯನ್ನು ತಟ್ಟಿದರು, ಬೆಳಕಿಗೆ ಹಿಡಿದರು, ಮೂಸಿದರು. ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು. ಹೆಂಡತಿ ಚಾ, ಗೋಳಿಬಜೆ ಕೊಟ್ಟಳು. ಎಂಟು ಗೋಳಿಬಜೆ ಮುಗಿದ ಮೇಲೆ ಅವರು ಹೇಳಿದರು: "ಅಜ್ಜೇರೆ, ಇಂಥದ್ದೇ ಭರಣಿ ನನ್ನ ಹತ್ರ ಉಂಟು. ಮುಚ್ಚಳ ಒಡೆದಿದೆ. ಇದರ ಮುಚ್ಚಳ ಮಾತ್ರ ಕೊಡ್ತೀರಾ?"

"ಮತ್ತೆ ನನ್ನ ಭರಣಿಗೆ?"

"ನೀವು ಹೇಗೂ ಮಾರುವವರಲ್ವಾ? ನಿಮಗೆ ಮುಚ್ಚಳ ಎಂತಕ್ಕೆ?"

ನಾನು ಮುಚ್ಚಳವನ್ನು ಬಿಗಿಯಾಗಿ ಹಾಕಿ, ಅವರಿಗೆ ವಾಮಂಜೂರಿನ ಬಸ್ಸಿನ ಹೊತ್ತು ಹೇಳಿದೆ.

೩. ಕೇರಿಯ ವಾಟ್ಸಾಪ್

ನಮ್ಮ ಕೇರಿಯ ಗುಂಪಿಗೆ ಫೋಟೋ ಬಿಟ್ಟದ್ದೇ ತಡ, ಫೋನು ಟಣ್ ಟಣ್ ಅನ್ನಲಿಕ್ಕೆ ಸುರು. "ಹೋಯ್ತು ಭರಣಿ," ಅಂದೆ ಹೆಂಡತಿಗೆ.

ಮೊದಲು ಬರೆದವರು ಒಬ್ಬ ವಕೀಲರು: ಚಿಕ್ಕವರಿದ್ದಾಗ ಇದೇ ಭರಣಿಯಿಂದ ಪೆಪ್ಪರ್‌ಮಿಂಟು ಕದ್ದಿದ್ದರಂತೆ. ಅವರ ಧೈರ್ಯ ನೋಡಿ ಒಬ್ಬರು ಡಾಕ್ಟರು ಒಪ್ಪಿಕೊಂಡರು. ಆಮೇಲೆ ಟೀಚರು. ಗಲ್ಫಿನಿಂದಲೂ ಒಬ್ಬರು ಬರೆದರು, ಅವರದ್ದು ಎರಡು ಕಿಸೆ ತುಂಬ. ರಾತ್ರಿಯಾಗುವಷ್ಟರಲ್ಲಿ ಕದ್ದವರು ಇಪ್ಪತ್ತಾರು ಜನ. ಕೊಳ್ಳುವವ ಒಬ್ಬನೂ ಇಲ್ಲ!

೪. ಹರಾಜು

"ಮಾರ್ಕೆಟಿಗೆ ಮಿಡಿ ಬಂದಿದೆಯಂತೆ. ನಾಡಿದ್ದು ತರ್ತೇನೆ," ಅಂದಳು ಹೆಂಡತಿ.

ನಾನು ಕೂಡಲೇ ಸೊಸೆಯನ್ನು ಜಗಲಿಗೆ ಕರೆದೆ. ಸೊಸೆ ಹೇಳಿದಳು, ಹಳೇ ಗಾಜು ಸಂಗ್ರಹ ಮಾಡುವವರದ್ದೇ ಒಂದು ಪೇಜ್ ಉಂಟು, ಅಲ್ಲಿ ಹರಾಜು ಹಾಕುವ ಅಂತ. ನಾನು ಒಂದೇ ಷರತ್ತು ಹಾಕಿದೆ: "ನನ್ನ ಅಂಗಡಿಯ ಬೋರ್ಡಿನಲ್ಲಿ ಇದ್ದದ್ದನ್ನು ಇಲ್ಲಿಯೂ ಹಾಕು. ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ."

ಮಾರನೇ ದಿನ ಪುಣೆಯವನೊಬ್ಬ ಕೂಗಿದ. ಕೂಡಲೇ ಇನ್ನೊಬ್ಬರು ಮೇಲೆ ಕೂಗಿದರು. ಪುಣೆ ಏರಿಸಿತು, ಅವರೂ ಏರಿಸಿದರು. ಸಂಜೆಗೆ ಪುಣೆ ಮಲಗಿತು.

"ಗೆದ್ದದ್ದು ಯಾರು?" ಕೇಳಿದೆ.

"ಒಬ್ಬರು ಅಮ್ಮ. ದೊಡ್ಡ ಮನೆತನ ಮಾವ." ಸೊಸೆ ಯಾಕೋ ಆಚೆ ತಿರುಗಿ ಕೆಮ್ಮಿದಳು.

ಬೊಂಬಾಯಿಯ ದೊಡ್ಡ ಹೋಟೆಲಿನ ಯಜಮಾನತಿಯೇ ಇರಬೇಕು ಅಂತ ನಾನು ಚಾ ಹೋಟೆಲಿನಲ್ಲಿ ಹೇಳಿ ಬಂದೆ. ಬೆಳಗ್ಗೆ ಭರಣಿಯನ್ನು ಹಳೇ ಹೊದಿಕೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದೆ. ಸೊಸೆ ಇಂಗ್ಲಿಷಿನಲ್ಲಿ ವಿಳಾಸ ಅಂಟಿಸಿದಳು. ಅದರಲ್ಲಿಯೂ ಆರು ಅಂಕೆ ಇತ್ತು. ಪಿನ್‌ಕೋಡ್ ಅಂತ ಈಗ ನನಗೆ ಗೊತ್ತು. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹಂಪನಕಟ್ಟೆಯ ಕೊರಿಯರ್ ಆಫೀಸಿಗೆ ಹೋದೆ.

ಅಲ್ಲಿದ್ದವನು ವಿಳಾಸ ನೋಡಿದ, ಅಂಚಿನಲ್ಲಿ ಬರೆದ ಕಳಿಸುವವರ ವಿಳಾಸ ನೋಡಿದ, ನನ್ನನ್ನು ನೋಡಿದ. "ಅಜ್ಜೇರೆ, ಇದು ಎಲ್ಲಿಗೆ ಅಂತ ಗೊತ್ತುಂಟಾ?"

"ನನಗೆ ಹೇಳಿಕೊಡ್ಲಿಕ್ಕೆ ಬರ್ಬೇಡ. ನಾನು ಇಲ್ಲಿ ವ್ಯಾಪಾರ ಮಾಡುವಾಗ ನೀನು ಹುಟ್ಟಿರಲಿಲ್ಲ."

"ಅಲ್ಲ, ನೀವು ನಡೆದುಕೊಂಡೇ ಹೋಗಿ ಕೊಡಬಹುದಿತ್ತು ಅಂತ."

ನಾನು ಉಡುಪಿಗೆ ನಡೆದ ಸುದ್ದಿ ಇವನವರೆಗೂ ಮುಟ್ಟಿದೆಯಲ್ಲ ಅಂತ ಖುಷಿಯಾಯಿತು.

ಮಾರನೇ ದಿನ ಜಗಲಿಯಲ್ಲಿ ಬಟ್ಟೆ ಹಾಸಿ ಹೆಂಡತಿ ಮಿಡಿ ಒರೆಸುತ್ತಿದ್ದಳು. ನಾನು ಕೆಣಕಿದೆ: "ಇಷ್ಟನ್ನೂ ಎಂತದರಲ್ಲಿ ಹಾಕ್ತೀ?"

"ನೋಡುವ," ಅಂದಳು.

ಗೇಟಿನಲ್ಲಿ ಬೈಕು ನಿಂತಿತು. ಕೊರಿಯರಿನವ ಒಂದು ಪೆಟ್ಟಿಗೆ ಇಳಿಸಿದ. ಹಗ್ಗದ ಗಂಟು ನೋಡಿದೆ. ಅಂಥ ಗಂಟು ಮಂಗಳೂರಿನಲ್ಲಿ ಹಾಕುವವ ನಾನೊಬ್ಬನೇ. ಹೆಂಡತಿ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು.

"ಇದೆಂತ, ವಾಪಸ್ ಬಂತಾ?"

"ವಾಪಸ್ ಎಂತಕ್ಕೆ? ತೆಗೊಂಡವರ ಮನೆಗೇ ಬಂದಿದೆ. ಪುಣೆಯವ ಬಾಯಿ ಹಾಕದಿದ್ರೆ ನಾನು ಕೂಗ್ತಿರಲಿಲ್ಲ, ಮಿಡಿ ಬಂದ ಕೂಡಲೇ ಹೇಗೂ ನನ್ನದೇ ಆಗ್ತಿತ್ತು. ಏನೇ ಆಗಲಿ, ನಿಮ್ಮ ಮಾತು ಉಳಿಯಿತು, ಭರಣಿ ಮಾರಿ ಆಯ್ತು. ಇನ್ನು ಉಪ್ಪು ಹಾಕುವುದೋ ಬೆಕ್ಕು ಸಾಕುವುದೋ, ನನ್ನ ಇಷ್ಟ."

"ಹಣ ವಾಪಸ್ ಕೊಡ್ತೇನೆ, ಭರಣಿ ಕೊಡು!"

ಒಳಗಿನಿಂದ ಸೊಸೆ ಫೋನು ನೋಡಿಕೊಂಡು ರಾಗವಾಗಿ ಓದಿದಳು: "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ, ಮಾವ."

ಸಂಜೆ ಚಾ ಹೋಟೆಲಿನಲ್ಲಿ ಎಲ್ಲರೂ ಮುತ್ತಿಕೊಂಡರು. "ಭರಣಿ ಮುಟ್ಟಿತಾ? ಆ ಅಮ್ಮ ಹೌದಾ ಅಷ್ಟು ದೊಡ್ಡ ಮನೆಯವರು?"

ನಾನು ಸುಳ್ಳು ಹೇಳುವವನಲ್ಲ. "ಕ್ಷೇಮವಾಗಿ ಮುಟ್ಟಿತು," ಅಂದೆ. "ಆ ಅಮ್ಮ ಸ್ವಲ್ಪ ಜೋರು. ಆದ್ರೆ ಅವರ ಗಂಡ ಉಂಟಲ್ಲ, ಭಾರೀ ದೊಡ್ಡ ಮನುಷ್ಯ!"