ಪುಕ್ಕಟೆ ವಕೀಲರು ನನಗೆ ಸಿಗ್ತಾರೇನ್ರೀ?

ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುವಾಗಲೇ ನನ್ನ ಸುತ್ತ ನಗುವಂಥದ್ದು ನಡೆಯುತ್ತದೆ. ಹದಿನೈದು ದಿನದಲ್ಲಿ ಅಂಗಡಿ ಖಾಲಿ ಮಾಡಿ ಎಂಬ ನೋಟೀಸು ಬಂದಾಗಲೂ ಹಾಗೇ ಆಯಿತು. ಮಸ್ಕಿಯಲ್ಲಿ ನನ್ನದು ಬಾಡಿಗೆಯ ಹೊಲಿಗೆ ಅಂಗಡಿ. ಅದು ಹೋದರೆ ಎರಡು ಮಷೀನು ಹೊತ್ತುಕೊಂಡು ಎಲ್ಲಿಗೆ ಹೋಗಲಿ ಎಂದು ಊಟ ಸೇರುತ್ತಿರಲಿಲ್ಲ. ಸರ್ಕಾರದಿಂದ ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಎಂದು ಕೇಳಿದ್ದೆ. ನನ್ನಂಥವಳಿಗೆ, ಇಂಥ ತಕರಾರಿಗೆ ಕೊಡುತ್ತಾರೋ ಇಲ್ಲವೋ, ಅದೇ ಗೊತ್ತಿರಲಿಲ್ಲ.

ಓಣಿಯ ಕಾನೂನು

ಮೊದಲು ಓಣಿಯಲ್ಲಿ ಕೇಳಿದೆ. ಜೈಲಿನಲ್ಲಿದ್ದವರಿಗೆ ಮಾತ್ರ ಎಂದರು ಕಿರಾಣಿ ಅಂಗಡಿಯವರು. ರೇಷನ್ ಕಾರ್ಡು ನೋಡಿ ಕೊಡುತ್ತಾರೆ ಎಂದರು ಹಿಟ್ಟಿನ ಗಿರಣಿಯವರು. ಎದುರುಮನೆಯ ಅಕ್ಕ ಮಾತ್ರ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಕೇಳಿದಳು:

"ನಿನ್ನ ಗಂಡ ಹೊಡಿತಾನೇನು?"

"ಇಲ್ಲಕ್ಕ."

"ಕುಡದು ಬಂದು ಬೈತಾನೇನು?"

"ಇಲ್ಲಕ್ಕ, ಚಾ ಬಿಟ್ರ ಏನೂ ಕುಡಿಯಂಗಿಲ್ಲ."

"ಅಯ್ಯ ಪಾಪ! ಹಂಗಾದ್ರ ನಿಂಗ ಸಿಗೂದು ಕಷ್ಟ ನೋಡು."

ಆಕೆ ಅಷ್ಟು ಮರುಗಿದ್ದು ನೋಡಿ ನನಗೇ ಗಂಡನ ಮೇಲೆ ಸಿಟ್ಟು ಬಂತು.

ನಮ್ಮ ಓಣಿಯ ಒಬ್ಬಾಕಿ

ಜವಳಗೇರಾದ ನಮ್ಮ ನಾದಿನಿ, "ಸಿಂಧನೂರಿಗೆ ಹೋಗು ವೈನಿ, ಅಲ್ಲಿ ಎಲ್ಲಾ ಆಗತೈತಿ" ಎಂದಳು. ಬಸ್ಸಿನಲ್ಲಿ ನಿಂತೇ ಹೋದೆ. ಕೋರ್ಟಿನಲ್ಲಿ ಕಾನೂನು ನೆರವಿನ ಆಫೀಸು ಹುಡುಕಿ ಒಳಗೆ ಕಾಲಿಟ್ಟೆ. ನನ್ನ ಅಂಗಡಿಗೇ ನೋಟೀಸು ಬಂದಿದೆ ಎನ್ನಲು ನಾಚಿಕೆಯಾಗಿ, "ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರೀ" ಎಂದು ಶುರು ಮಾಡಿದೆ. ಮೇಜಿನ ಹಿಂದಿದ್ದ ಹಿರಿಯರು ಸಮಾಧಾನದಿಂದ ಕೇಳಿದರು.

"ಆಕಿ ಅಂಗಡಿ ಎಲ್ಲೈತಿ?"

"ಮಸ್ಕಿಯಾಗ್ರೀ."

"ಹಂಗಾದ್ರ ಅದು ನಮ್ಮ ಕೋರ್ಟಿಗೆ ಬರಂಗಿಲ್ಲ, ಲಿಂಗಸುಗೂರಿಗೆ ಹೋಗಾಕ ಹೇಳ್ರಿ. ಅಲ್ಲಿ ಕೇಳಿದ್ರ ದಾರಿ ತೋರಸ್ತಾರ."

ಒಂದು ದಿನ ಹಾಳಾಯಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರು ನೀರಿನ ಬಾಟಲಿ ನನ್ನ ಕಡೆ ಸರಿಸಿ, "ಆಕಿಗೆ ಹೇಳ್ರಿ ತಂಗೀ, ಅಳಬ್ಯಾಡಂತ" ಎಂದರು.

ಅಂಗಡಿ ಯಾರದು?

ಲಿಂಗಸುಗೂರಿಗೆ ಗಂಡನೂ ಬಂದ. ಅಂಗಡಿಯ ಬೋರ್ಡಿನ ಮೇಲಿರುವುದು ಅವನ ಹೆಸರು. ಬಾಡಿಗೆ ಕರಾರು ಮಾತ್ರ ನನ್ನ ಹೆಸರಿನಲ್ಲಿದೆ, ಅದನ್ನು ಬರೆಸಿದ ದಿನ ಅವನು ಯಾರದೋ ಮದುವೆಗೆ ಹೋಗಿದ್ದ. ಅಲ್ಲಿಯ ಆಫೀಸಿನ ಮೇಡಂ ಮುಂದೆ ಅವನದೇ ಮಾತು. "ನನ್ನ ಅಂಗಡಿ ರೀ ಮೇಡಂ, ಈಕಿ ಸುಮ್ಮನ ಕುಂದರ್ತಾಳ" ಎಂದ.

ಮೇಡಂ ಪೆನ್ನು ಕೆಳಗಿಟ್ಟರು. "ಹೆಣ್ಣಮಕ್ಕಳಿಗೆ ಆದಾಯ ಎಷ್ಟಿದ್ರೂ ವಕೀಲರನ್ನ ಪುಕ್ಕಟ ಕೊಡ್ತೀವಿ. ನಿಮಗಾದ್ರ ಆದಾಯದ ಪತ್ರ ತರಬೇಕಾಗತೈತಿ, ಅದನ್ನ ನೋಡಿ ಹೇಳ್ತೀವಿ. ಈಗ ಹೇಳ್ರಿ, ಅಂಗಡಿ ಯಾರದು?"

ಗಂಡ ನನ್ನನ್ನು ನೋಡಿದ, ಫ್ಯಾನು ನೋಡಿದ, ಮತ್ತೆ ನನ್ನನ್ನು ನೋಡಿದ.

"ಆಕಿದ ರೀ. ಹೊಲಿಯಾಕಿನೂ ಆಕಿನ, ಗಿರಾಕಿ ಬರೂದೂ ಆಕಿನ್ನ ನೋಡಿ. ನಾ ಬರೇ ಶಟರ್ ಎತ್ತತೀನಿ."

ಈ ಮಾತಿಗೆ ನಾನು ಹನ್ನೆರಡು ವರ್ಷ ಕಾದಿದ್ದೆ. ಇನ್ನೊಮ್ಮೆ ಹೇಳಿಸ್ರಿ ಮೇಡಂ ಎನ್ನಬೇಕೆನ್ನಿಸಿತು.

ಎದುರು ಪಾರ್ಟಿ

ಕರಾರಿನ ಝೆರಾಕ್ಸು, ಆಧಾರು ತೆಗೆದುಕೊಂಡು ಸೋಮವಾರ ಮತ್ತೆ ಹೋದೆ. ನೋಟೀಸಿನ ಗಡುವಿಗೆ ಮೂರೇ ದಿನ ಉಳಿದಿತ್ತು. ಒಳಗೆ ಬೆಂಚಿನ ಮೇಲೆ ನನಗೆ ನೋಟೀಸು ಕೊಟ್ಟ ಅಂಗಡಿಯ ಮಾಲಕಿ ಅಮ್ಮ ಕುಳಿತಿದ್ದಳು! ನಾನು ಹೊಸ್ತಿಲಲ್ಲೇ ನಿಂತೆ.

"ಬಾರವ್ವ, ಕುಂದ್ರು" ಎಂದು ಜಾಗ ಬಿಟ್ಟಳು. "ನಿನ್ನ ಗಂಡ ಊರು ತುಂಬ ಹೇಳ್ಕೋತ ಅಡ್ಡಾಡ್ಯಾನ, ಹೆಣ್ಣಮಕ್ಕಳಿಗೆ ಪುಕ್ಕಟ ವಕೀಲರು ಅಂತ. ಅದಕ್ಕ ನನ್ನ ಮಗಾ ನನ್ನ ಕಳಿಸ್ಯಾನ."

ಮೇಡಂ ಕೇಳಿ ನಕ್ಕರು. "ಇಬ್ರಿಗೂ ಸಿಗತೈತಿ, ಬ್ಯಾರೆ ಬ್ಯಾರೆ ವಕೀಲರು" ಎಂದು ಒಬ್ಬೊಬ್ಬರಿಗೆ ಒಂದೊಂದು ಅರ್ಜಿ ಕೊಟ್ಟರು. ಅಮ್ಮನಿಗೆ ಓದು ಬರುವುದಿಲ್ಲ. ಆಕೆಯ ಬ್ಯಾಂಕಿನ ಚೀಟಿ, ಗ್ಯಾಸಿನ ಕಾಗದ ಎಲ್ಲ ಬರೆದುಕೊಡುವವಳು ನಾನೇ. ರೂಢಿಯಂತೆ ತನ್ನ ಅರ್ಜಿಯನ್ನು ನನ್ನ ತೊಡೆಯ ಮೇಲಿಟ್ಟಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಎದುರುದಾರರ ಹೆಸರು ಎಂಬಲ್ಲಿ ಪೆನ್ನು ನಿಂತಿತು.

"ಯಾಕ ನಿಂತಿ? ನಿನ್ನ ಹೆಸರು ಬರಿ, ತಪ್ಪು ಮಾಡಬ್ಯಾಡ ಮತ್ತ."

ಬರೆದೆ. ಮುಂದೆ, ತಕರಾರಿನ ಕಾರಣ.

"ಏನು ಬರೀಲಿ ಅವ್ವಾರ? ಬಾಡಿಗಿ ತಪ್ಪಿಸೀನೇನು?"

"ಇಲ್ಲಬಿಡು."

"ಗ್ವಾಡಿ ಕೆಡಿಸೀನೇನು?"

"ಸುಣ್ಣಾ ಹಚ್ಚಿಸಿದಾಕಿ ನೀನ."

"ಮತ್ತ ಯಾಕ ಬಿಡಿಸಾಕತ್ತೀರಿ?"

"ಮಗಾ ಬಿಡಸು ಅಂದಾನ, ಯಾಕಂತ ಹೇಳಿಲ್ಲ. ನೀ ಓದಿದಾಕಿ, ನೀನ ನೋಡಿ ಬರಿ."

ಕಾರಣ ಏನೂ ಇಲ್ಲ ಎಂದು ದುಂಡಗೆ ಬರೆದೆ. ಓದಿ ಹೇಳು ಅಂದಳು. ಇದ್ದದ್ದು ಇದ್ದಂತೆ ಓದಿದೆ.

"ಖರೇ ಐತಿ" ಎಂದು ಅಮ್ಮ ಹೆಬ್ಬೆಟ್ಟು ಒತ್ತಿದಳು.