ಸರಸ್ವತಿ ನಗರದ ಮಹಡಿ ಮನೆ ಮತ್ತು ನನ್ನ ವಿದೇಶಿ ಧಣಿಗಳು

ಎಲ್ಲಿದ್ದೀರೆಂದು ತಿಳಿಯದ ವಿದೇಶಿ ಲಾಬಿಯ ಮಾನ್ಯರೇ,

ದಾವಣಗೆರೆಯ ಸರಸ್ವತಿ ನಗರದಿಂದ ಉಮಾಮಹೇಶ್ವರಿಯ ಅನಂತ ನಮಸ್ಕಾರಗಳು. ನಾನು ತಮ್ಮ ಏಜೆಂಟಳೆಂಬ ಸಂತೋಷದ ಸುದ್ದಿ ಹೋದ ತಿಂಗಳಷ್ಟೇ ಗೊತ್ತಾದ್ದರಿಂದ ಪತ್ರ ತಡವಾಯಿತು, ಕ್ಷಮಿಸಬೇಕು.

ನಡೆದದ್ದಿಷ್ಟು. ನಮ್ಮ ಮಹಡಿ ಮನೆ ಬಾಡಿಗೆಗಿತ್ತು. ವಿದ್ಯಾನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ದಿನವೂ ಹರಿಹರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ಮುಜಾಹಿದ್ ಎಂಬವರು ಹೆಂಡತಿಯೊಂದಿಗೆ ಬಂದವರು, ಗೇಟಿನ ಹೊರಗೇ ನಿಂತು, "ಮೇಡಂ, ಮೊದ್ಲು ನನ್ನ ಹೆಸರು ಕೇಳಿಬಿಡ್ರಿ, ಆಮೇಲೆ ಮನೆ ತೋರಿಸ್ರಿ. ಅಡುಗೆಮನೆ ಇವಳಿಗೆ ಇಷ್ಟ ಆದಮೇಲೆ ಎಲ್ರೂ ಇಲ್ಲ ಅಂತಾರೆ, ದಾರಿ ತುಂಬ ಅಳ್ತಾಳ್ರಿ" ಎಂದರು. ನನಗೆ ಮುಖ ಎಲ್ಲಿಡಬೇಕೋ ತೋಚಲಿಲ್ಲ. ಒಳಗೆ ಕರೆದು, ಮೊದಲು ಅಡುಗೆಮನೆಯನ್ನೇ ತೋರಿಸಿ, ಕೀಲಿ ಕೈಗಿತ್ತೆ.

ಆ ಭಾನುವಾರವೇ ಬಡಾವಣೆ ಸಂಘದ ತುರ್ತು ಸಭೆ. ಕಾರ್ಯದರ್ಶಿ ಅಂಜನಕುಮಾರರು, ಮುಸ್ಲಿಮರ ಬಗ್ಗೆ ಪೂರ್ವಗ್ರಹವಿದೆ ಎನ್ನುವವರಿಗೆಲ್ಲ ಹೊರದೇಶದ ಹಣ ಬರುತ್ತದೆಂಬ ವಿಡಿಯೊವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿ, "ಅಕ್ಕಾರೆ, ಇಷ್ಟು ಧೈರ್ಯ ಸುಮ್ನೆ ಬರಲ್ರಿ. ನಿಮ್ಮ ಹಿಂದೆ ಫಾರಿನ್ ಲಾಬಿ ಐತೆ!" ಎಂದು ಘೋಷಿಸಿದರು. ತಿರುಗಿ ನೋಡಿದೆ, ಹಿಂದೆ ಗೋಡೆಯಿತ್ತು. ಆದರೂ ಮಾನ್ಯರೇ, ಹದಡಿಯ ತವರು ಬಿಟ್ಟರೆ ಬೇರೆ ಊರು ಕಾಣದ ನನ್ನನ್ನು ಸಮುದ್ರದಾಚೆ ಕುಳಿತು ಆರಿಸಿದಿರಲ್ಲ, ಆ ಹೆಮ್ಮೆಗೆ ರಾತ್ರಿ ಎರಡು ರೊಟ್ಟಿ ಹೆಚ್ಚೇ ತಿಂದೆ!

"ನನ್ನ ಮನೆ, ನನ್ನ ಕೀಲಿ. ಲಾಬಿಯೋರು ಬಂದ್ರೆ ಅವ್ರಿಗೂ ಚಾ ಕೊಡ್ತೀನಿ" ಎಂದು ಹೇಳಿಯೇ ಆ ಸಭೆಯಿಂದ ಎದ್ದು ಬಂದಿದ್ದೆ. ಮುಂದಿನ ವಾರ ಮುಜಾಹಿದ್ ದಂಪತಿ ಸಾಮಾನು ತಂದರು. ಮೊದಲ ದಿನ ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಆಕೆ ಮೀನು ಹುರಿದ ಸಂಜೆ ಒಂದೆರಡು ಮೆಲ್ಲಗೆ ತೆರೆದವು.

ನನಗೆ ಸಂಬಳ ಬೇಡ. ನಮ್ಮ ಮಹಡಿಯವರೆಗೂ ಕೈ ಚಾಚಬಲ್ಲ ತಮಗೆ ಹರಿಹರದ ನದಿಯೇನು ದೂರ? ನಮ್ಮ ನಲ್ಲಿಗೆ ದಿನವೂ ನೀರು ಬರುವಂತೆ ದಯಮಾಡಿ ಲಾಬಿ ನಡೆಸಬೇಕು. ಹಾಗೆಯೇ ಹರಿಹರದ ಬಸ್ಸಿನಲ್ಲಿ ಎಲ್ಲ ಮೇಷ್ಟರಿಗೂ ಕಿಟಕಿ ಪಕ್ಕದ ಸೀಟು ಕೊಡಿಸಬೇಕೆಂದು ಬೇಡುವ,

ತಾವು ನೇಮಿಸದೆಯೇ ತಮ್ಮವಳಾದ ವಿಶ್ವಾಸಿ,
ಉಮಾಮಹೇಶ್ವರಿ

ತಾ.ಕ.: ಮೊನ್ನೆ ಎದುರುಮನೆಯನ್ನು ಕಾಲೇಜು ಹುಡುಗರು ಬಾಡಿಗೆಗೆ ಕೇಳಿದರು. ಸಭೆಯಲ್ಲಿ ಮುಜಾಹಿದ್ ಎದ್ದು, "ಬ್ಯಾಚುಲರ್‌ಗಳು ಬ್ಯಾಡ್ರಿ ಸರ್, ಅವ್ರು ನನ್ನ ಕ್ಲಾಸಿನೋರೇ, ನಂಗೆ ಗೊತ್ತೈತೆ" ಎಂದರು. ಅಂಜನಕುಮಾರರು ಕುರ್ಚಿಯಿಂದೆದ್ದು ಅವರ ಕೈ ಕುಲುಕಿದರು. ಈ ಸೌಹಾರ್ದಕ್ಕೆ ಹಣ ಬಂದದ್ದು ಯಾವ ದೇಶದಿಂದ, ತಿಳಿಸುವಿರಾ?