ಹಗ್ಗ ಮುಟ್ಟಲು ಬಿಡದ ಮಾವ

ನನ್ನ ಸೋದರಮಾವನ ಕಾಲು ತುಳಿಯಿರಿ, ನಕ್ಕು ಸುಮ್ಮನಾಗುತ್ತಾರೆ. ಅವರ ಚಪ್ಪಲಿ ಹಾಕಿಕೊಂಡು ಕೊಪ್ಪದವರೆಗೆ ಹೋಗಿ ಬನ್ನಿ, ಕೇಳುವುದಿಲ್ಲ. ಆದರೆ ಅವರ ಪಂಪಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಹಗ್ಗಕ್ಕೆ ಕೈ ಹಾಕಿದಿರೋ, ಅವರಂಥ ಕೋಪಿಷ್ಠ ಇಡೀ ಶೆಟ್ಟಿಕೊಪ್ಪದಲ್ಲಿ ಇನ್ನೊಬ್ಬರಿಲ್ಲ!

ಮಾವನ ಪ್ರಕಾರ ಎಂಜಿನ್ ಸ್ಟಾರ್ಟ್ ಆಗದಿರುವುದು ಬೇರೆ, ಒದೆಯುವುದು ಬೇರೆ. ಸ್ಟಾರ್ಟ್ ಆಗದ್ದು ಸೋಮಾರಿತನ. ಹಗ್ಗ ಎಳೆದವರ ಕೈಯನ್ನೇ ಅದು ತಿರುಗಿ ಜಗ್ಗಿದರೆ ಕಾಯಿಲೆ. ಪಕ್ಕದ ಮನೆಯವರು ಒಮ್ಮೆ ಹಾಗೆ ಒದೆಯುವ ಕಳೆ ಕೊಚ್ಚುವ ಮೆಷಿನ್ ತಂದಿದ್ದರು. ಯಾವಾಗಿನಿಂದ ಹೀಗೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮೊದಲು ಎಲ್ಲಾದರೂ ಕಲ್ಲಿಗೆ ಬಡಿದಿತ್ತೇ ಎಂದು ಮಾವ ಡಾಕ್ಟರರ ಹಾಗೆ ವಿಚಾರಿಸಿದ ರೀತಿಗೆ, ಆ ಮನುಷ್ಯ ಕೊನೆಗೆ ತನ್ನ ನಾಲಿಗೆಯನ್ನೇ ಹೊರಚಾಚುವುದೊಂದು ಬಾಕಿ ಇತ್ತು!

ಹರಿಹರಪುರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥದ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಛತ್ರದ ಟ್ಯಾಂಕು ಖಾಲಿ. ನೀರಿಲ್ಲದೆ ಅನ್ನಕ್ಕೆ ಇಡುವುದು ಹೇಗೆ ಎಂದು ಅಡುಗೆ ಭಟ್ಟರು ಸೌಟು ಕೆಳಗಿಟ್ಟು ಕೂತರು. ಗಂಡಿನ ಕಡೆಯವರು ಆಗಲೇ ಬಂದಿದ್ದರು. ಅಪ್ಪನ ಮುಖ ಬಿಳಿಚಿತ್ತು. ಫೋನ್ ಮಾಡಿದ್ದೇ ತಡ, ಮಾವ ಜೀಪಿನಲ್ಲಿ ಪೆಟ್ರೋಲ್ ಪಂಪ್‌ಸೆಟ್ ಹೇರಿಕೊಂಡು ಬಂದರು. ಅಡುಗೆಮನೆ ಹಿಂದಿನ ಬಾವಿಕಟ್ಟೆಯ ಬಳಿ ಅದನ್ನಿಳಿಸಿ, ಪೈಪು ಜೋಡಿಸಲು ಟ್ಯಾಂಕಿನ ಕಡೆ ಹೋದರು.

ಅಷ್ಟರಲ್ಲಿ ಮದುಮಗನ ತಮ್ಮ ರೇಷ್ಮೆ ಶರ್ಟಿನ ತೋಳು ಮಡಚಿದ. ದಿನಾ ಜಿಮ್ಮಿಗೆ ಹೋಗುವ ಮೈಕಟ್ಟು, ನೋಡಲು ಹುಡುಗಿಯರೂ ಇದ್ದರು. ಜೋರಾಗಿ ಹಗ್ಗ ಎಳೆದ. ಎಂಜಿನ್ ಅದಕ್ಕಿಂತ ಜೋರಾಗಿ ಹಿಂದಕ್ಕೆ ಜಗ್ಗಿತು. ಹಿಡಿಕೆ ಕೈಬಿಟ್ಟು, ಪಾಪ, ಹೆಚ್ಚಿಟ್ಟ ಸೌತೆಕಾಯಿಯ ಬೋಗುಣಿಯಲ್ಲಿ ಹೋಗಿ ಕೂತ. ಗಂಡಿನ ಕಡೆಯವರಿಗೆ ಕೋಸಂಬರಿ ಎಲೆಗೆ ಬರುವ ಮೊದಲೇ ಸಿಕ್ಕಿತು!

ಓಡಿ ಬಂದ ಮಾವ ಎಂಜಿನ್ನಿನ ಕಡೆ ನೋಡಲೂ ಇಲ್ಲ. ಹುಡುಗನ ಕೈ ಹಿಡಿದು ಒಂದೊಂದೇ ಬೆರಳು ಮಡಚಿ ಬಿಡಿಸಿದರು. ಮಣಿಕಟ್ಟು ತಿರುಗಿಸಿ ನೋಡಿದರು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೇ ಅವರಿಗೆ ಉಸಿರು ಬಂದದ್ದು. ನಾವೆಲ್ಲ ಇನ್ನೊಂದು ಸಲ ಎಳೆದು ನೋಡೋಣ ಎಂದರೆ, ಹಗ್ಗದ ಮುಂದೆ ಅಡ್ಡ ಕೂತೇಬಿಟ್ಟರು.

"ಒದೀತಾ ಇದೆ ಅಂದ್ರೆ ಅದಕ್ಕೆ ಎಂತದೋ ತೊಂದರೆ ಇದೆ ಮಾರಾಯ. ಜೋರಾಗಿ ಎಳೆದ್ರೆ ಇನ್ನೂ ಜೋರಾಗಿ ಒದೀತದೆ."

ಪ್ಲಗ್ಗಿನ ವೈರು ಕಿತ್ತರು. ಮುಚ್ಚಳ ಬಿಚ್ಚಿ, ನಟ್ಟು ಸಡಿಲಿಸಿ, ಮೆಲ್ಲಗೆ ತಟ್ಟಿ ಚಕ್ರ ಹೊರತೆಗೆದರು. ಚಕ್ರವನ್ನು ಶಾಫ್ಟಿಗೆ ಕಚ್ಚಿ ಹಿಡಿಯುವ ಉಗುರಿನಷ್ಟು ಲೋಹದ ಚಾಬಿ ಅರ್ಧ ತುಂಡಾಗಿತ್ತು. ಅದರಿಂದ ಚಕ್ರ ಕೂದಲೆಳೆಯಷ್ಟು ಜಾರಿ, ಕಿಡಿ ಹೊತ್ತಿಗೆ ಮೊದಲೇ ಹಾರಿ, ಮೇಲೇರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ಭಟ್ಟರು ಅದರ ಬದಲು ಮೊಳೆ ಕತ್ತರಿಸಿ ಹಾಕಬಹುದಲ್ಲ ಎಂದರು. ಚಾಬಿ ಮೆತ್ತಗಿರುವುದೇ ತಾನು ಮುರಿದು ಶಾಫ್ಟು ಉಳಿಸಲಿಕ್ಕೆ ಎಂದು ಹೇಳಿ ಮಾವ ತಮ್ಮ ಟಿಫನ್ ಕ್ಯಾರಿಯರ್ ತೆರೆದರು. ಅವಲಕ್ಕಿ ಇರಬಹುದೆಂದು ಬಗ್ಗಿದ ಹಿರಿಯರೊಬ್ಬರಿಗೆ ಕಂಡದ್ದು ಸ್ಪ್ಯಾನರು, ಪ್ಲಗ್ಗು, ಹೊಸ ಚಾಬಿ! ಅದನ್ನು ಕೂರಿಸಿ ಮಾವ ಹಗ್ಗವನ್ನು ಮೆಲ್ಲಗೆ ಎಳೆದರು. ಎಂಜಿನ್ ಗುರುಗುಟ್ಟಿತು, ಟ್ಯಾಂಕಿಗೆ ನೀರು ಬಿತ್ತು, ಭಟ್ಟರು ಸೌಟು ಎತ್ತಿಕೊಂಡರು.

ಸಂಜೆ ಪಂಪು ಇಳಿಸಲು ನಾನೂ ಶೆಟ್ಟಿಕೊಪ್ಪಕ್ಕೆ ಹೋದೆ. ಕಾಫಿ ಕುಡಿದು ಹೊರಬಂದರೆ, ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಹಿಂದೆ ಕೂತು ಮಾವ ಅವರ ತಲೆ ಬಾಚುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡು ನಿಂತದ್ದು ನೋಡಿ ಅತ್ತೆ ನಕ್ಕರು.

ಅವರ ಮದುವೆಯಾದ ಹೊಸತರಲ್ಲಿ ಆಗಿನ ಪಂಪಿನ ಎಂಜಿನ್ನೂ ಹೀಗೇ ಒದೆಯುತ್ತಿತ್ತಂತೆ. ಜೋರಾಗಿ ಎಳೆದರೆ ಸರಿಹೋಗುತ್ತದೆ ಎಂದು ಅತ್ತೆಗೆ ಹೇಳಿ ಮಾವ ಪೇಟೆಗೆ ಹೋಗಿದ್ದರಂತೆ.

"ಎಳೆದೆ. ಮಣಿಕಟ್ಟು ಮುರೀತು. ಆಮೇಲೆ ಈ ಕೈ ಸರಿಯಾಗಿ ತಿರುಗೋದೇ ಇಲ್ಲ. ಅವತ್ತಿಂದ ಜಡೆ ಹಾಕೋದು ಇವರೇ," ಎಂದು ಅತ್ತೆ ನನ್ನ ಕಡೆ ತಿರುಗಿದರು.

ಮಾವ ತಲೆ ಎತ್ತಲಿಲ್ಲ. ಅವರ ಒರಟು ಬೆರಳುಗಳು ನರೆಗೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದವು.

"ತಲೆ ನೇರ ಇಟ್ಕೋ ಮಾರಾಯ್ತಿ," ಎಂದರು, "ಜಡೆ ಸೊಟ್ಟ ಆಗ್ತದೆ."